ದಿನದ ಲೆಕ್ಕ: ಆತ್ಮಾವಲೋಕನದ ಅಭ್ಯಾಸ ಮತ್ತು ಗುರಿಸಾಧನೆ

ಪೀಠಿಕೆ

ಯುಗಾದಿಯ ದಿನ, ಹುಟ್ಟುಹಬ್ಬದ ದಿನ ಅಥವಾ ಮಕ್ಕಳ ಶಾಲೆ ಪುನಃ ಆರಂಭವಾಗುವ ದಿನ ನಮ್ಮಲ್ಲಿ ಅನೇಕರು ಒಂದಲ್ಲ ಒಂದು ಸಂಕಲ್ಪವನ್ನು ಕೈಗೊಳ್ಳುತ್ತೇವೆ. ಇಲಾಖಾ ಪರೀಕ್ಷೆಗೆ ಓದಬೇಕು, ಪ್ರತಿದಿನ ನಡೆಯಬೇಕು, ತಿಂಗಳಿಗೆ ಇಷ್ಟು ಹಣ ಉಳಿಸಬೇಕು, ಮನೆಯ ಮಕ್ಕಳಿಗೆ ಕನ್ನಡ ಓದುಬರಹ ಕಲಿಸಬೇಕು ಎಂದು ಮನಸ್ಸಿನಲ್ಲಿ ನಿಶ್ಚಯಿಸುತ್ತೇವೆ. ಮೊದಲ ಒಂದು ವಾರ ಉತ್ಸಾಹವು ನಮ್ಮನ್ನು ಮುನ್ನಡೆಸುತ್ತದೆ. ಮೂರನೆಯ ವಾರದ ವೇಳೆಗೆ ಸಂಕಲ್ಪವು ಸಡಿಲವಾಗುತ್ತದೆ. ಎರಡು ತಿಂಗಳ ನಂತರ ಅದರ ನೆನಪೂ ಉಳಿಯುವುದಿಲ್ಲ. ಇಂತಹ ಪ್ರವೃತ್ತಿಯನ್ನು ನಮ್ಮ ಹಿರಿಯರು ಆರಂಭಶೂರತ್ವವೆಂದು ಕರೆದರು.

ಇದಕ್ಕೆ ಇಚ್ಛಾಶಕ್ತಿಯ ಕೊರತೆಯೇ ಕಾರಣವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ಬಹುಪಾಲು ಸಂದರ್ಭಗಳಲ್ಲಿ ಕಾರಣ ಇನ್ನೂ ಸರಳವಾದುದು. ನಾವು ಗುರಿಯನ್ನು ಒಮ್ಮೆ ನಿರ್ಧರಿಸಿ, ಆ ಬಳಿಕ ಅದರತ್ತ ತಿರುಗಿ ನೋಡುವುದಿಲ್ಲ. ಅಂಗಡಿಯವನು ಪ್ರತಿ ರಾತ್ರಿ ಬಾಗಿಲು ಹಾಕುವ ಮೊದಲು ಲೆಕ್ಕ ನೋಡುತ್ತಾನೆ. ದುಡ್ಡಿಗೆ ಸಲ್ಲುವ ಈ ಎಚ್ಚರವನ್ನು ನಮ್ಮ ದಿನಗಳಿಗೆ ನಾವು ಸಲ್ಲಿಸುವುದು ಅಪರೂಪ. ದಿನದ ಕೊನೆಯಲ್ಲಿ ಕೆಲವು ನಿಮಿಷ ಕುಳಿತು, ನಡೆದುದನ್ನು ಬರೆದು, ಅದರ ಆಧಾರದ ಮೇಲೆ ಮರುದಿನದ ಕ್ರಮವನ್ನು ತಿದ್ದಿಕೊಳ್ಳುವ ಅಭ್ಯಾಸವೇ ಈ ಪಾಠದ ವಿಷಯ. ಇದನ್ನೇ ಇಲ್ಲಿ ಆತ್ಮಾವಲೋಕನವೆಂದು ಕರೆಯಲಾಗಿದೆ.

1. ಆಸೆ ಮತ್ತು ಗುರಿ

ಆತ್ಮಾವಲೋಕನಕ್ಕೆ ಮೊದಲು ಅವಲೋಕಿಸಲು ಯೋಗ್ಯವಾದ ಗುರಿಯೊಂದು ಇರಬೇಕು. “ಆರೋಗ್ಯ ಸುಧಾರಿಸಬೇಕು” ಎಂಬುದು ಆಸೆ. “ವಾರದಲ್ಲಿ ಐದು ದಿನ ಬೆಳಿಗ್ಗೆ ಅರ್ಧ ಗಂಟೆ ನಡೆಯುತ್ತೇನೆ” ಎಂಬುದು ಗುರಿ. ಆಸೆಯ ವಿಷಯದಲ್ಲಿ ಇಂದು ಅದು ಈಡೇರಿತೇ ಎಂಬ ಪ್ರಶ್ನೆಗೆ ಉತ್ತರ ದೊರೆಯುವುದಿಲ್ಲ. ಗುರಿಯ ವಿಷಯದಲ್ಲಿ ಹೌದು ಅಥವಾ ಇಲ್ಲ ಎಂದು ಸ್ಪಷ್ಟವಾಗಿ ಹೇಳಬಹುದು. ರಾತ್ರಿ ಬರೆಯಲು ಕುಳಿತಾಗ ಒಂದೇ ಪದದಲ್ಲಿ ಉತ್ತರಿಸಲು ಸಾಧ್ಯವಾಗದಿದ್ದರೆ, ಗುರಿಯ ರೂಪವನ್ನು ಇನ್ನಷ್ಟು ನಿಖರಗೊಳಿಸಬೇಕೆಂದು ತಿಳಿಯತಕ್ಕದ್ದು.

ಒಂದೇ ಬಾರಿಗೆ ಅನೇಕ ಗುರಿಗಳನ್ನು ಹೊರುವುದೂ ಸಲ್ಲದು. ಆರಂಭದಲ್ಲಿ ಒಂದು, ಹೆಚ್ಚೆಂದರೆ ಎರಡು ಗುರಿಗಳು ಸಾಕು.

2. ಒಂದು ನಿದರ್ಶನ: ಲಂಡನ್ನಿನಲ್ಲಿ ಒಬ್ಬ ವಿದ್ಯಾರ್ಥಿ

ಪ್ರತಿದಿನದ ಲೆಕ್ಕವು ಜೀವನದ ದಿಕ್ಕನ್ನು ಹೇಗೆ ತಿದ್ದಬಲ್ಲದು ಎಂಬುದಕ್ಕೆ ಮಹಾತ್ಮ ಗಾಂಧಿಯವರ ವಿದ್ಯಾರ್ಥಿ ಜೀವನ ಒಂದು ಉತ್ತಮ ನಿದರ್ಶನ. 1888ರ ಸೆಪ್ಟೆಂಬರ್‌ನಲ್ಲಿ ನ್ಯಾಯಶಾಸ್ತ್ರದ ವ್ಯಾಸಂಗಕ್ಕಾಗಿ ಅವರು ಮುಂಬಯಿಯಿಂದ ಹಡಗು ಹತ್ತಿದಾಗ ಅವರಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಲಂಡನ್ನಿನಲ್ಲಿ ಕೆಲಕಾಲ ಅವರು ಇಂಗ್ಲಿಷ್ ಸಭ್ಯ ಗೃಹಸ್ಥನಂತೆ ಕಾಣಿಸಿಕೊಳ್ಳಲು ಪ್ರಯತ್ನಿಸಿದರು. ಬಾಂಡ್ ಸ್ಟ್ರೀಟಿನಲ್ಲಿ ದುಬಾರಿ ಬೆಲೆಯ ಉಡುಪು ಹೊಲಿಸಿದರು. ನೃತ್ಯ, ಪಿಟೀಲು, ಫ್ರೆಂಚ್ ಭಾಷೆ ಮತ್ತು ಭಾಷಣ ಕಲೆಯ ಪಾಠಗಳಿಗೆ ಹಣ ತೆತ್ತರು. ಸುಮಾರು ಮೂರು ತಿಂಗಳ ನಂತರ ಅವರು ತಮ್ಮನ್ನೇ ಪ್ರಶ್ನಿಸಿಕೊಂಡರು. ತಾವು ಇಂಗ್ಲೆಂಡಿನಲ್ಲಿ ಜೀವನವಿಡೀ ಇರಬೇಕಾದವರಲ್ಲ, ಬಂದಿರುವುದು ವಿದ್ಯಾರ್ಥಿಯಾಗಿ. ಹೀಗಿರುವಾಗ ಈ ಪಾಠಗಳಿಂದ ಏನು ಪ್ರಯೋಜನ ಎಂಬುದು ಆ ಪ್ರಶ್ನೆ. ಉತ್ತರ ಸ್ಪಷ್ಟವಾದೊಡನೆ ಭಾಷಣ ಮತ್ತು ನೃತ್ಯದ ಪಾಠಗಳನ್ನು ನಿಲ್ಲಿಸಿದರು. ಪಿಟೀಲನ್ನು ಮಾರಿಬಿಡಲು ನಿಶ್ಚಯಿಸಿದರು.

ಈ ಅವಧಿಯಲ್ಲಿಯೂ ಅವರು ಒಂದು ಅಭ್ಯಾಸವನ್ನು ಕೈಬಿಟ್ಟಿರಲಿಲ್ಲ. ಬಸ್ಸಿನ ದರ, ಅಂಚೆವೆಚ್ಚ, ವೃತ್ತಪತ್ರಿಕೆಗೆ ಕೊಟ್ಟ ಚಿಲ್ಲರೆ ಕಾಸು, ಹೀಗೆ ಪ್ರತಿಯೊಂದು ಖರ್ಚನ್ನೂ ಬರೆದಿಟ್ಟು ರಾತ್ರಿ ಮಲಗುವ ಮೊದಲು ಶಿಲ್ಕು ತೆಗೆಯುತ್ತಿದ್ದರು. ಮುಂದೆ ಸಾರ್ವಜನಿಕ ನಿಧಿಗಳನ್ನು ನಿರ್ವಹಿಸುವಾಗ ಸಾಲಕ್ಕೆ ಬದಲಾಗಿ ಉಳಿತಾಯವೇ ಕೈಯಲ್ಲಿರುತ್ತಿದ್ದುದಕ್ಕೆ ಈ ಅಭ್ಯಾಸವೇ ಕಾರಣವೆಂದು ಅವರು ಆತ್ಮಕಥೆಯಲ್ಲಿ ಸ್ಮರಿಸಿದ್ದಾರೆ.

ಆ ಲೆಕ್ಕವು ಅವರಿಗೆ ತೋರಿಸಿಕೊಟ್ಟ ಸಂಗತಿ ಗಮನಾರ್ಹ. ಅವರು ಒಂದು ಕುಟುಂಬದೊಡನೆ ವಾಸವಾಗಿದ್ದರು. ವಾರದ ಬಾಡಿಗೆಯ ಜೊತೆಗೆ ಮನೆಯವರನ್ನು ಔಪಚಾರಿಕವಾಗಿ ಹೊರಗೆ ಊಟಕ್ಕೆ ಕರೆದೊಯ್ಯುವುದು, ಔತಣಕೂಟಗಳಿಗೆ ಹೋಗುವುದು, ಅದಕ್ಕಾಗಿ ವಾಹನ ಹಿಡಿಯುವುದು ಮುಂತಾದ ವೆಚ್ಚಗಳು ಕೂಡಿಕೊಳ್ಳುತ್ತಿದ್ದವು. ಅಂದರೆ ಹಣ ಸೋರಿಹೋಗುತ್ತಿದ್ದುದು ವಾಸದ ಏರ್ಪಾಡಿನಿಂದ. ಆದುದರಿಂದ ವೆಚ್ಚವನ್ನು ಅರ್ಧಕ್ಕೆ ಇಳಿಸಲು ನಿರ್ಧರಿಸಿದಾಗ ಅವರು ಏರ್ಪಾಡನ್ನೇ ಬದಲಾಯಿಸಿದರು. ಕೆಲಸದ ಸ್ಥಳಕ್ಕೆ ಅರ್ಧ ಗಂಟೆಯಲ್ಲಿ ನಡೆದು ತಲುಪಬಹುದಾದ ಕಡೆ ಸ್ವತಂತ್ರವಾಗಿ ಕೊಠಡಿಗಳನ್ನು ಹಿಡಿದರು. ವಾಹನದ ಖರ್ಚು ಉಳಿಯಿತು. ದಿನಕ್ಕೆ ಎಂಟು ಹತ್ತು ಮೈಲಿಗಳ ನಡಿಗೆಯಿಂದ ದೇಹವೂ ದೃಢವಾಯಿತು.

ಅನಂತರ ಅವರು ಲಂಡನ್ ಮೆಟ್ರಿಕ್ಯುಲೇಶನ್ ಪರೀಕ್ಷೆಗೆ ಕುಳಿತು ಲ್ಯಾಟಿನ್ ಭಾಷೆಯಲ್ಲಿ ಅನುತ್ತೀರ್ಣರಾದರು. ಅವರು ಎದೆಗುಂದಲಿಲ್ಲ. ಮೊದಲ ಪ್ರಯತ್ನವನ್ನು ಪರಿಶೀಲಿಸಿ, ತಮಗೆ ಆಸಕ್ತಿ ಮೂಡಿಸದ ರಸಾಯನಶಾಸ್ತ್ರದ ಬದಲು ಉಷ್ಣ ಮತ್ತು ಬೆಳಕು ಎಂಬ ವಿಷಯವನ್ನು ಆಯ್ದುಕೊಂಡರು. ಜೀವನವನ್ನು ಮತ್ತಷ್ಟು ಸರಳಗೊಳಿಸಿ ಒಂದೇ ಕೊಠಡಿಗೆ ಬಂದರು, ಒಲೆಯೊಂದನ್ನು ಕೊಂಡು ಬೆಳಗಿನ ಗಂಜಿಯನ್ನು ತಾವೇ ಬೇಯಿಸಿಕೊಂಡರು. ದಿನಕ್ಕೆ ಒಂದು ಶಿಲ್ಲಿಂಗ್ ಮೂರು ಪೆನ್ಸ್‌ಗಳಲ್ಲಿ ಊಟದ ಖರ್ಚು ಸರಿದೂಗುವಂತಾಯಿತು. 1890ರಲ್ಲಿ ಎರಡನೆಯ ಪ್ರಯತ್ನದಲ್ಲಿ ಅವರು ಉತ್ತೀರ್ಣರಾದರು.

ಈ ನಿದರ್ಶನದಿಂದ ಮೂರು ಅಂಶಗಳು ವ್ಯಕ್ತವಾಗುತ್ತವೆ. ಮೊದಲನೆಯದಾಗಿ, ಬರವಣಿಗೆಯು ಸಣ್ಣಪುಟ್ಟ ವಿವರಗಳನ್ನು ಒಳಗೊಂಡಿತ್ತು. ಎರಡನೆಯದಾಗಿ, ಅದು ಪ್ರತಿದಿನ ಒಂದೇ ವೇಳೆಯಲ್ಲಿ ನಡೆಯುತ್ತಿತ್ತು. ಮೂರನೆಯದಾಗಿ, ಬರೆದುದರ ಫಲವಾಗಿ ಜೀವನಕ್ರಮದಲ್ಲಿ ನಿರ್ದಿಷ್ಟವಾದ ಒಂದು ಬದಲಾವಣೆ ಉಂಟಾಗುತ್ತಿತ್ತು. ಈ ಮೂರನೆಯ ಅಂಶ ಇಲ್ಲದಿದ್ದರೆ ದಿನಚರಿಯು ಕೇವಲ ದಾಖಲೆಯಾಗಿ ಉಳಿಯುತ್ತದೆ.

3. ಫ್ರಾಂಕ್ಲಿನ್ನರ ಪುಟ್ಟ ಪುಸ್ತಕ

ಅಮೆರಿಕದ ರಾಜಕಾರಣಿ ಹಾಗೂ ವಿಜ್ಞಾನಿ ಬೆಂಜಮಿನ್ ಫ್ರಾಂಕ್ಲಿನ್ (1706–1790) ಅನುಸರಿಸಿದ ಕ್ರಮ ಇನ್ನೊಂದು ಬಗೆಯದು. ಮಿತಾಹಾರ, ಮಿತಭಾಷಿತ್ವ, ಅಚ್ಚುಕಟ್ಟುತನ, ಮಿತವ್ಯಯ, ಶ್ರಮಶೀಲತೆ ಮೊದಲಾದ ಹದಿಮೂರು ಗುಣಗಳನ್ನು ಪಟ್ಟಿ ಮಾಡಿ, ಒಂದು ಪುಟ್ಟ ಪುಸ್ತಕದಲ್ಲಿ ವಾರದ ಏಳು ದಿನಗಳಿಗೆ ಏಳು ಕಲಮುಗಳನ್ನು ಎಳೆದರು. ತಪ್ಪಿದ ದಿನ ಆ ಗುಣದ ಎದುರು ಒಂದು ಕಪ್ಪು ಚುಕ್ಕೆ ಇಡುತ್ತಿದ್ದರು. ಪ್ರತಿ ವಾರ ಒಂದು ಗುಣಕ್ಕೆ ವಿಶೇಷ ಗಮನ. ಹದಿಮೂರು ವಾರಗಳಿಗೆ ಒಂದು ಸುತ್ತು. ವರ್ಷಕ್ಕೆ ನಾಲ್ಕು ಸುತ್ತು. ಬೆಳಿಗ್ಗೆ ಮಾಡಬೇಕಾದ ಒಳ್ಳೆಯ ಕೆಲಸವನ್ನು ಕುರಿತು, ಸಂಜೆ ಮಾಡಿದ ಒಳ್ಳೆಯ ಕೆಲಸವನ್ನು ಕುರಿತು ತಮ್ಮನ್ನೇ ಕೇಳಿಕೊಳ್ಳುತ್ತಿದ್ದರು.

ಅಚ್ಚುಕಟ್ಟುತನ ಅವರಿಗೆ ಕೊನೆಯವರೆಗೂ ಪೂರ್ಣವಾಗಿ ಒಲಿಯಲಿಲ್ಲ. ಪರಿಪೂರ್ಣತೆ ದೊರೆಯದಿದ್ದರೂ ಆ ಪ್ರಯತ್ನದಿಂದಾಗಿ ತಾವು ಹೆಚ್ಚು ಉತ್ತಮರೂ ಸಂತುಷ್ಟರೂ ಆದೆವೆಂದು ವೃದ್ಧಾಪ್ಯದಲ್ಲಿ ಅವರು ದಾಖಲಿಸಿದರು. ಗುರಿಯನ್ನು ಪೂರ್ತಿಯಾಗಿ ಮುಟ್ಟದವನಿಗೂ ಲೆಕ್ಕವು ಲಾಭ ತರಬಲ್ಲದೆಂಬುದು ಇದರಿಂದ ತಿಳಿದುಬರುತ್ತದೆ.

4. ಸಂಶೋಧನೆ ಏನು ಹೇಳುತ್ತದೆ?

ಈ ಹಿರಿಯರ ಅನುಭವವನ್ನು ಇತ್ತೀಚಿನ ಮನೋವಿಜ್ಞಾನವು ಬೇರೆ ಮಾರ್ಗದಿಂದ ಪರೀಕ್ಷಿಸಿದೆ. ಗುರಿಯತ್ತ ಆಗುತ್ತಿರುವ ಪ್ರಗತಿಯನ್ನು ಆಗಾಗ ಗಮನಿಸುವುದರ ಪರಿಣಾಮವನ್ನು ಕುರಿತ 138 ಅಧ್ಯಯನಗಳನ್ನು, ಅಂದರೆ ಸುಮಾರು 20,000 ಜನರಿಗೆ ಸಂಬಂಧಿಸಿದ ಮಾಹಿತಿಯನ್ನು, ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2016ರಲ್ಲಿ ಪ್ರಕಟವಾಯಿತು. ಪ್ರಗತಿಯನ್ನು ಗಮನಿಸುವಂತೆ ಪ್ರೇರೇಪಿಸಲ್ಪಟ್ಟವರು ಗುರಿಯನ್ನು ಮುಟ್ಟುವ ಸಂಭವ ಹೆಚ್ಚು ಎಂದು ಅದು ತೋರಿಸಿತು. ಪ್ರಗತಿಯನ್ನು ಬರೆದಿಟ್ಟಾಗ ಮತ್ತು ಇತರರಿಗೆ ತಿಳಿಯಪಡಿಸಿದಾಗ ಪರಿಣಾಮ ಇನ್ನೂ ಹೆಚ್ಚಾಗಿತ್ತು.

ಜರ್ಮನ್ ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಸರ್ 1999ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಸಂಕಲ್ಪವನ್ನು ಸಮಯ ಮತ್ತು ಸಂದರ್ಭದೊಡನೆ ಜೋಡಿಸುವುದರ ಮಹತ್ವವನ್ನು ವಿವರಿಸಿದರು. “ಓದುತ್ತೇನೆ” ಎನ್ನುವುದಕ್ಕಿಂತ “ರಾತ್ರಿಯ ಊಟ ಮುಗಿದು ತಟ್ಟೆ ಎತ್ತಿಟ್ಟೊಡನೆ ಓದಲು ಕೂರುತ್ತೇನೆ” ಎನ್ನುವ ಸಂಕಲ್ಪ ಹೆಚ್ಚು ಫಲಕಾರಿ. ಏಕೆಂದರೆ ಸಂದರ್ಭವೇ ಇಲ್ಲಿ ನೆನಪು ಮಾಡಿಕೊಡುತ್ತದೆ.

ಒಂದು ಕ್ರಿಯೆಯು ಅಭ್ಯಾಸವಾಗಿ ಬೇರೂರಲು ಎಷ್ಟು ಕಾಲ ಬೇಕು? ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಸ್ವಯಂಸೇವಕರನ್ನು 12 ವಾರಗಳ ಕಾಲ ಅಭ್ಯಸಿಸಿ 2010ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಈ ಅವಧಿ 18 ದಿನಗಳಿಂದ 254 ದಿನಗಳವರೆಗೆ ಬದಲಾಗುತ್ತದೆ. ಮಧ್ಯಾಂಕ 66 ದಿನಗಳು. ನಡುವೆ ಒಂದು ದಿನ ತಪ್ಪಿಹೋದರೂ ಅಭ್ಯಾಸದ ಬೆಳವಣಿಗೆಗೆ ಹೇಳಿಕೊಳ್ಳುವಂತಹ ಹಾನಿಯಾಗಲಿಲ್ಲ. ಮೂರು ವಾರಗಳಲ್ಲಿ ಅಭ್ಯಾಸವಾಗದಿದ್ದರೆ ತಮ್ಮಲ್ಲೇ ದೋಷವಿದೆಯೆಂದು ಭಾವಿಸುವವರು ಈ ಅಂಕಿಗಳನ್ನು ಗಮನಿಸಬೇಕು.

5. ಬರೆಯುವ ಕ್ರಮ

ಇದಕ್ಕೆ ಸಾಧಾರಣವಾದ ಒಂದು ನೋಟ್‌ಬುಕ್ಕು ಮತ್ತು ಐದು ನಿಮಿಷಗಳ ಸಮಯ ಸಾಕು. ಪ್ರತಿ ರಾತ್ರಿ ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆಯಬೇಕು:

(ಅ) ಇಂದು ಮಾಡಬೇಕೆಂದುಕೊಂಡದ್ದು ಏನು?
(ಆ) ವಾಸ್ತವವಾಗಿ ನಡೆದದ್ದು ಏನು?
(ಇ) ನಡೆಯದಿದ್ದರೆ, ಆ ಹೊತ್ತಿನಲ್ಲಿ ನಾನು ಏನು ಮಾಡುತ್ತಿದ್ದೆ?
(ಈ) ನಾಳೆ ಬದಲಿಸಬೇಕಾದ ಒಂದು ಸಂಗತಿ ಯಾವುದು?

ಮೂರನೆಯ ಪ್ರಶ್ನೆಯ ರೂಪವನ್ನು ಓದುಗರು ವಿಶೇಷವಾಗಿ ಗಮನಿಸಬೇಕು. “ಏಕೆ ಆಗಲಿಲ್ಲ?” ಎಂದು ಕೇಳಿದರೆ ಮನಸ್ಸು ಸುಲಭವಾದ ಸಮಾಧಾನವನ್ನು ಒದಗಿಸುತ್ತದೆ: ಸಮಯವಿರಲಿಲ್ಲ, ದಣಿವಾಗಿತ್ತು, ಮನಸ್ಸು ಬರಲಿಲ್ಲ. “ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದೆ?” ಎಂದು ಕೇಳಿದರೆ ಘಟನೆಯೊಂದು ಕಣ್ಣಮುಂದೆ ಬರುತ್ತದೆ. ಸಮಾಧಾನವನ್ನು ತಿದ್ದಲು ಬರುವುದಿಲ್ಲ, ಘಟನೆಯನ್ನು ತಿದ್ದಬಹುದು.

ಇದಲ್ಲದೆ ವಾರಕ್ಕೊಮ್ಮೆ, ಭಾನುವಾರ ಅಥವಾ ತಮಗೆ ಬಿಡುವಿರುವ ದಿನ, ಏಳು ದಿನಗಳ ಬರವಣಿಗೆಯನ್ನು ಒಟ್ಟಿಗೆ ಓದಬೇಕು. ಒಂದು ದಿನದ ಬರಹದಲ್ಲಿ ಆಕಸ್ಮಿಕವೆಂದು ತೋರುವುದು ಒಂದು ವಾರದ ಬರಹದಲ್ಲಿ ರೂಢಿಯೆಂದು ಗೊತ್ತಾಗುತ್ತದೆ.

6. ಒಂದು ಮಾದರಿ

ಮೇಲ್ಕಂಡ ಕ್ರಮವನ್ನು ಸ್ಪಷ್ಟಪಡಿಸಲು ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ. ತಂದೆ ಡೊಂಬಿವಲಿಯಿಂದ ಪ್ರತಿದಿನ ಲೋಕಲ್ ರೈಲಿನಲ್ಲಿ ಮುಂಬಯಿಯ ಕಚೇರಿಗೆ ಹೋಗಿಬರುತ್ತಾರೆ. ಒಂಬತ್ತು ವರ್ಷದ ಮಗಳು ಮನೆಯಲ್ಲಿ ಕನ್ನಡ ಮಾತನಾಡುತ್ತಾಳೆ. ಶಾಲೆಯಲ್ಲಿ ಇಂಗ್ಲಿಷ್, ಮರಾಠಿ, ಹಿಂದಿ ಓದುತ್ತಾಳೆ. ಕನ್ನಡ ಅಕ್ಷರಗಳನ್ನು ಬಲ್ಲವಳಲ್ಲ. ಗದಗಿನಲ್ಲಿರುವ ಅಜ್ಜಿಗೆ ಕಿವಿ ಮಂದವಾಗಿರುವುದರಿಂದ ಫೋನಿನಲ್ಲಿ ಮಾತು ಸಾಗುವುದಿಲ್ಲ. ಅವರು ಓದಬಲ್ಲದ್ದು ಕನ್ನಡವೊಂದನ್ನೇ. ಹೀಗಾಗಿ ಅಜ್ಜಿ ಮೊಮ್ಮಗಳ ನಡುವೆ ವರ್ಷಕ್ಕೊಮ್ಮೆಯ ಭೇಟಿಯ ಹೊರತು ಬೇರೆ ಮಾತುಕತೆಯಿಲ್ಲ.

“ಮಗಳಿಗೆ ಕನ್ನಡ ಕಲಿಸಬೇಕು” ಎಂಬ ಆಸೆ ಮನೆಯಲ್ಲಿ ಮೂರು ವರ್ಷಗಳಿಂದ ಇದೆ. ದೀಪಾವಳಿಯ ನಂತರ ತಂದೆ ಅದಕ್ಕೆ ಗುರಿಯ ರೂಪ ಕೊಡುತ್ತಾರೆ: ಯುಗಾದಿಯ ವೇಳೆಗೆ ಮಗಳು ಅಜ್ಜಿಗೆ ಒಂದು ಪುಟದ ಪತ್ರವನ್ನು ಸ್ವಂತವಾಗಿ ಬರೆಯಬೇಕು. ಅದಕ್ಕಾಗಿ ಪ್ರತಿದಿನ ರಾತ್ರಿ ಊಟದ ನಂತರ ಹದಿನೈದು ನಿಮಿಷ ಪಾಠ.

ಎರಡು ವಾರಗಳ ಬಳಿಕ ನೋಟ್‌ಬುಕ್ಕನ್ನು ತೆರೆದು ನೋಡಿದಾಗ ಹದಿನಾಲ್ಕು ದಿನಗಳಲ್ಲಿ ಐದು ದಿನ ಮಾತ್ರ ಪಾಠ ನಡೆದಿರುತ್ತದೆ. ಉಳಿದ ಒಂಬತ್ತು ದಿನಗಳ ಪೈಕಿ ಏಳರ ಎದುರು “ಸಮಯವಿರಲಿಲ್ಲ” ಎಂದು ಬರೆದಿರುತ್ತದೆ. ಈ ಉತ್ತರ ಯಾವ ದಾರಿಯನ್ನೂ ತೋರಿಸುವುದಿಲ್ಲ. ಮೂರನೆಯ ವಾರದಿಂದ ತಂದೆ “ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದೆ?” ಎಂಬ ಪ್ರಶ್ನೆಗೆ ಉತ್ತರ ಬರೆಯತೊಡಗುತ್ತಾರೆ. ಆಗ ಪುಟದ ಸ್ವರೂಪವೇ ಬದಲಾಗುತ್ತದೆ. “ಸೋಮವಾರ: ರೈಲು ತಡ, ಒಂಬತ್ತಕ್ಕೆ ಮನೆ, ಊಟವಾಗುವಷ್ಟರಲ್ಲಿ ಮಗು ನಿದ್ದೆ. ಮಂಗಳವಾರ: ಮಗು ಎಚ್ಚರವಿತ್ತು, ನಾನು ಮೊಬೈಲು ನೋಡುತ್ತ ಕುಳಿತೆ. ಬುಧವಾರ: ಪುನಃ ನಿದ್ದೆ.”

ಈಗ ತಿದ್ದಬೇಕಾದದ್ದು ಯಾವುದೆಂದು ಕಾಣಿಸುತ್ತದೆ. ಪಾಠಕ್ಕೆ ಆರಿಸಿದ ವೇಳೆ ದಿನದಲ್ಲೇ ಅತ್ಯಂತ ದುರ್ಬಲವಾದ ವೇಳೆ. ಮಗಳು ಬೆಳಿಗ್ಗೆ ಹಾಲು ಕುಡಿದ ಕೂಡಲೇ ಹತ್ತು ನಿಮಿಷ ಪಾಠವೆಂದೂ, ತಂದೆ ಬೇಗ ಹೊರಡಬೇಕಾದ ದಿನಗಳಲ್ಲಿ ತಾಯಿ ಅದನ್ನು ನಡೆಸುವುದೆಂದೂ ಏರ್ಪಡುತ್ತದೆ. ಮುಂದಿನ ಹದಿನಾಲ್ಕು ದಿನಗಳಲ್ಲಿ ಹನ್ನೊಂದು ದಿನ ಪಾಠ ನಡೆಯುತ್ತದೆ.

ಸ್ವರ, ವ್ಯಂಜನ, ಕಾಗುಣಿತ ಮುಗಿದು ಒತ್ತಕ್ಷರಗಳಿಗೆ ಬಂದಾಗ ಹೊಸ ತೊಡಕು ತಲೆದೋರುತ್ತದೆ. ಮಗು ಬೇಸರಿಸುತ್ತದೆ, ತಂದೆಯ ಧ್ವನಿ ಏರುತ್ತದೆ. ಅದೂ ನೋಟ್‌ಬುಕ್ಕಿನಲ್ಲಿ ದಾಖಲಾಗುತ್ತದೆ: “ಗುರುವಾರ: ಗದರಿದೆ, ಪಾಠ ಅರ್ಧಕ್ಕೆ ನಿಂತಿತು.” ಭಾನುವಾರ ವಾರದ ಬರಹವನ್ನು ಓದುವಾಗ, ಪುಸ್ತಕದ ಕ್ರಮವನ್ನು ಕೆಲವು ದಿನ ಬದಿಗಿಡುವ ಯೋಚನೆ ಬರುತ್ತದೆ. ಅಜ್ಜಿ, ಅಮ್ಮ, ಅಕ್ಕ, ರೊಟ್ಟಿ, ಬೆಲ್ಲ, ಹಬ್ಬ. ಮಗು ದಿನವೂ ಆಡುವ ಈ ಮಾತುಗಳಲ್ಲೆಲ್ಲ ಒತ್ತಕ್ಷರಗಳಿವೆ. ಅವುಗಳಿಂದ ಪಾಠ ಮುಂದುವರಿಯುತ್ತದೆ.

ಯುಗಾದಿಯ ವೇಳೆಗೆ ಮಗಳು ಬರೆದ ಪತ್ರ ಆರು ಸಾಲುಗಳದ್ದು. ಗುರಿ ಒಂದು ಪುಟವಾಗಿತ್ತು. ಲೆಕ್ಕದಲ್ಲಿ “ಆರು ಸಾಲು” ಎಂದೇ ಬರೆಯಬೇಕು. ಹೆಚ್ಚಿಸಿಯೂ ಬರೆಯಬಾರದು, ಸೋಲೆಂದೂ ಬರೆಯಬಾರದು. ಕೆಲವು ದಿನಗಳಲ್ಲಿ ಗದಗಿನಿಂದ ಉತ್ತರ ಬರುತ್ತದೆ. ಅಜ್ಜಿಯ ಕೂಡಿಸಿ ಬರೆಯುವ ಕೈಬರಹವನ್ನು ಮಗು ಓದಲಾರದು. ಅಚ್ಚಿನ ಅಕ್ಷರಗಳಷ್ಟೇ ಅವಳಿಗೆ ಪರಿಚಿತ. ಹೀಗೆ ಮುಂದಿನ ಗುರಿ ತಾನಾಗಿಯೇ ಗೊತ್ತಾಗುತ್ತದೆ.

7. ಕೆಲವು ಎಚ್ಚರಿಕೆಗಳು

ಆತ್ಮಾವಲೋಕನ ಬೇರೆ, ಕೊರಗು ಬೇರೆ. ಎರಡರಲ್ಲಿಯೂ ಮನಸ್ಸು ಹಿಂದಿನದನ್ನು ನೆನೆಯುತ್ತದೆ. ಅವಲೋಕನವು ನಾಳೆಯ ಒಂದು ಕೆಲಸದೊಂದಿಗೆ ಮುಗಿಯುತ್ತದೆ. ಕೊರಗು “ನನ್ನ ಹಣೆಬರಹವೇ ಇಷ್ಟು” ಎಂಬಲ್ಲಿ ಸುತ್ತುತ್ತಿರುತ್ತದೆ. ಬರೆಯುತ್ತಿರುವ ವಾಕ್ಯವು ಮಾಡಿದ ಕೆಲಸವನ್ನು ಬಿಟ್ಟು ತಮ್ಮ ಸ್ವಭಾವವನ್ನೇ ಹಳಿಯತೊಡಗಿದರೆ ಅಲ್ಲಿಗೆ ನಿಲ್ಲಿಸಿ ನಾಲ್ಕನೆಯ ಪ್ರಶ್ನೆಗೆ ಹೋಗುವುದು ಉಚಿತ.

ದಿನಚರಿಯಲ್ಲಿ ಅಲಂಕಾರಿಕ ಬರವಣಿಗೆ ಬೇಡ. ನಾಲ್ಕು ಸಾಲು ಸಾಕು. ದೀರ್ಘವಾದ ಬರಹವು ಬಹುಬೇಗ ಹೊರೆಯಾಗುತ್ತದೆ. ಒಂದು ದಿನ ತಪ್ಪಿದರೆ ಹಿಂದಿನದನ್ನು ನೆನೆದು ತುಂಬಿಸುವ ಅಗತ್ಯವಿಲ್ಲ. ಆ ಜಾಗವನ್ನು ಖಾಲಿ ಬಿಟ್ಟು ಇಂದಿನದನ್ನು ಬರೆಯಬೇಕು.

ಹಲವು ವಾರಗಳ ಬರಹವನ್ನು ಓದಿದ ಮೇಲೆ ಆ ಗುರಿಯೇ ತಮ್ಮದಲ್ಲ, ಇತರರನ್ನು ನೋಡಿ ಇಟ್ಟುಕೊಂಡದ್ದು ಎಂದು ಮನವರಿಕೆಯಾಗಬಹುದು. ಹಾಗಾದಾಗ ಅದನ್ನು ಕೈಬಿಡಲು ಸಂಕೋಚಪಡಬೇಕಿಲ್ಲ. ಗಾಂಧಿಯವರು ಪಿಟೀಲನ್ನು ಬಿಟ್ಟದ್ದು ಇಂತಹ ವಿವೇಕದಿಂದಲೇ.

ನಿದ್ರಾಹೀನತೆ, ನಿರಂತರ ನಿರಾಶೆ ಅಥವಾ ಬದುಕೇ ಬೇಡವೆಂಬ ಭಾವನೆ ಕಾಡುತ್ತಿದ್ದರೆ ಅದಕ್ಕೆ ದಿನಚರಿಯೊಂದೇ ಪರಿಹಾರವಾಗಲಾರದು. ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ‘ಟೆಲಿ ಮಾನಸ್’ ಸೇವೆಯ ಉಚಿತ ದೂರವಾಣಿ ಸಂಖ್ಯೆ 14416ಕ್ಕೆ ಕರೆ ಮಾಡಿ ತರಬೇತಿ ಪಡೆದ ಸಲಹೆಗಾರರೊಡನೆ ಮಾತನಾಡಬಹುದು. ಕನ್ನಡವೂ ಸೇರಿದಂತೆ ಅನೇಕ ಭಾರತೀಯ ಭಾಷೆಗಳಲ್ಲಿ ಈ ಸೇವೆ ಲಭ್ಯವಿದೆ.

ಸಾರಾಂಶ

ಅಳೆಯಬಹುದಾದ ಒಂದು ಗುರಿ, ಅದಕ್ಕೆ ಗೊತ್ತುಪಡಿಸಿದ ವೇಳೆ, ಪ್ರತಿ ರಾತ್ರಿ ಐದು ನಿಮಿಷಗಳ ಪ್ರಾಮಾಣಿಕ ಬರವಣಿಗೆ, ವಾರಕ್ಕೊಮ್ಮೆ ಅದರ ಪುನರವಲೋಕನ, ಪ್ರತಿ ಅವಲೋಕನದ ಕೊನೆಯಲ್ಲಿ ಒಂದು ಸಣ್ಣ ಬದಲಾವಣೆ: ಇವಿಷ್ಟು ಸೇರಿ ಆತ್ಮಾವಲೋಕನದ ಅಭ್ಯಾಸವಾಗುತ್ತದೆ. ಇದಕ್ಕೆ ಹಣವಾಗಲೀ ವಿಶೇಷ ವಿದ್ಯೆಯಾಗಲೀ ಬೇಕಿಲ್ಲ. ಊರಿನಿಂದ ದೂರವಿದ್ದು, ದಿನದ ಬಹುಭಾಗವನ್ನು ಪ್ರಯಾಣದಲ್ಲಿಯೂ ದುಡಿಮೆಯಲ್ಲಿಯೂ ಕಳೆಯುವವರಿಗೆ ಉಳಿಯುವ ಸಮಯ ಸ್ವಲ್ಪವೇ. ಆ ಸ್ವಲ್ಪ ಸಮಯ ಎಲ್ಲಿ ವ್ಯಯವಾಗುತ್ತಿದೆ ಎಂಬುದನ್ನು ಅರಿತವರು ಅದನ್ನು ತಮಗೆ ಪ್ರಿಯವಾದ ಕೆಲಸಕ್ಕೆ ಮೀಸಲಿಡಬಲ್ಲರು.

ಅಭ್ಯಾಸ

1. ತಾವು ಬಹುಕಾಲದಿಂದ ಮುಂದೂಡುತ್ತ ಬಂದಿರುವ ಒಂದು ಆಸೆಯನ್ನು, ಹೌದು ಅಥವಾ ಇಲ್ಲ ಎಂದು ಉತ್ತರಿಸಬಹುದಾದ ಗುರಿಯ ರೂಪದಲ್ಲಿ ಬರೆಯಿರಿ.

2. ಅದನ್ನು ದಿನದ ಯಾವ ಕೆಲಸದ ಬೆನ್ನಿಗೆ ಜೋಡಿಸಬಹುದು? ಆ ವೇಳೆಯಲ್ಲಿ ತಾವು ಸಾಮಾನ್ಯವಾಗಿ ಏನು ಮಾಡುತ್ತಿರುತ್ತೀರಿ?

3. ಐದನೆಯ ಭಾಗದಲ್ಲಿ ಕೊಟ್ಟಿರುವ ನಾಲ್ಕು ಪ್ರಶ್ನೆಗಳಿಗೆ ಹದಿನಾಲ್ಕು ದಿನಗಳ ಕಾಲ ಉತ್ತರ ಬರೆಯಿರಿ. ಪದೇ ಪದೇ ಬಂದಿರುವ ಉತ್ತರ ಯಾವುದೆಂದು ಗುರುತಿಸಿ.

4. ಆ ಉತ್ತರದ ಆಧಾರದ ಮೇಲೆ ವೇಳೆ, ಸ್ಥಳ ಅಥವಾ ವಿಧಾನ, ಈ ಮೂರರಲ್ಲಿ ಒಂದನ್ನು ಮಾತ್ರ ಬದಲಾಯಿಸಿ ಮುಂದಿನ ಹದಿನಾಲ್ಕು ದಿನಗಳ ಲೆಕ್ಕವನ್ನು ಹಿಂದಿನದರೊಂದಿಗೆ ಹೋಲಿಸಿ ನೋಡಿ.